ಕಡಲಿನಲ್ಲಿ ನಮ್ಮ ಕೊರಡು

ಹುಕ್ಕೇರಿ ಸಂತೆಯ ಚಹಾದಂಗಡಿ ಬೆಂಚಿನ ಮೇಲೆ ನಿಂತು, ಯಾವುದೋ ದ್ವೀಪದಲ್ಲಿ ಹಾಯಿ ಕಟ್ಟಿದ ಹಲಗೆಯ ಮೇಲೆ ವಿಂಡ್‌ಸರ್ಫಿಂಗ್ ಮಾಡಿ ಬಂದ ಗೆಳೆಯ ಬಸುವಿನ ನಕಲು ಮಾಡುತ್ತಿದ್ದೆ. ಅವನು ಕರೆದರೂ ನೀರಿಗೆ ಹೆದರಿ ಹೋಗದವನು ನಾನು. ಆ ಹೊಟ್ಟೆಕಿಚ್ಚಿಗೆ ನನ್ನ ನಕಲಿನಲ್ಲಿ ಅವನನ್ನು ನಾಲ್ಕು ಸಲ ಹೆಚ್ಚಿಗೇ ಸಮುದ್ರಕ್ಕೆ ಬೀಳಿಸಿದೆ.

ಅಲ್ಲೇ ಕೂತು ಎಲ್ಲರಿಗಿಂತ ಜೋರಾಗಿ ನಕ್ಕ ಬಸು, ಮೊಬೈಲಿನಲ್ಲಿ ಅಲ್ಲಿಯ ವಿಡಿಯೊ ತೋರಿಸಿದ. ತಂಡದವರೆಲ್ಲ ನೀರಿಗೆ ಬೀಳುತ್ತಿದ್ದರೆ ಇವನೊಬ್ಬ ಮೊಣಕಾಲು ಬಗ್ಗಿಸಿ ಗಟ್ಟಿಯಾಗಿ ನಿಂತಿದ್ದ.

“ಎಲ್ಲಿ ಕಲ್ತಿ ಅಂತ ಗೈಡ್ ಕೇಳಿದ್ನಲೇ. ಎತ್ತು ಎಳಿಯೋ ಕೊರಡಿನ ಮ್ಯಾಲ ನಿಂದ್ರಾಕ ನಮ್ಮ ದೋಸ್ತ ಕಲಿಸ್ಯಾನ ಅಂತ ನಿನ್ನ ಹೆಸರ ಹೇಳೇನಿ!”

ಬೆಂಚಿನಿಂದ ಇಳಿದೆ.

ಈಗ ಅಂಕಲಗಿಯ ನಮ್ಮ ಹೊಲ ಸಮ ಮಾಡಲು ಕೊರಡು ಹತ್ತಿದರೆ, ನನ್ನದೇ ನಿಲುವು ಬಸುವಿನ ನಕಲಿನಂತೆ ಅನಿಸಿ ಹೊಟ್ಟೆ ಉರಿಯುತ್ತದೆ. ಎತ್ತುಗಳು ಮಾತ್ರ ನಗುವುದಿಲ್ಲ.