ಎಮ್ಮೆಯ ಮುಂದೆ ಬಂದ ಕಾಲುವೆ

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಕೆಲಸದ ಕೋಣೆ. ಹೈದರಾಬಾದಿನಿಂದ ರೈಲಿನಲ್ಲಿ ತ್ರೀಡಿ ಸಿನಿಮಾದ ಹಾರ್ಡ್ ಡಿಸ್ಕ್ ಬರುತ್ತಿತ್ತು. ತ್ರೀಡಿ ಎಂದರೆ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ. ಎರಡರಲ್ಲಿ ಒಂದು ಕೂದಲೆಳೆಯಷ್ಟು ಮೇಲೆ ನಿಂತರೂ, ಒಂದರ ಬಣ್ಣ ಮಾಸಿದರೂ ನೋಡುವವರ ತಲೆ ಸಿಡಿಯುತ್ತದೆ. ಅಂಥ ದೋಷ ಹುಡುಕಿ ಸರಿಪಡಿಸುವುದು ನಮ್ಮ ಕೆಲಸ. ಅಲ್ಲಿ ನಾನೇ ಹಿರಿಯ.

ಆಮೇಲೆ ಕಡೇಚೂರಿನಿಂದ ಒಬ್ಬ ಹುಡುಗಿ ಕೆಲಸಕ್ಕೆ ಬಂದಳು. ನಾನು ಗೆರೆ ಎಳೆದು, ಅಳೆದು ಹುಡುಕುವುದನ್ನು ಆಕೆ ಒಮ್ಮೆ ನೋಡಿ, "ಬಲಗಡೀದು ಜರಾ ಕೆಳಗೈತ್ರಿ" ಎನ್ನುತ್ತಿದ್ದಳು. ಸರಿಯೇ ಇರುತ್ತಿತ್ತು. ಕೋಣೆಯ ಯಜಮಾನರಾದ ಸುರಪುರದ ಸಾಹೇಬರು, "ಇಕಿ ಕಣ್ಣಿಗಿ ಸಲಾಂ ಹೊಡೀಬೇಕು ನೋಡಪಾ" ಎಂದಾಗ ನಾನೂ ನಕ್ಕೆ. ಚಹಾ ಮಾತ್ರ ಅರ್ಧಕ್ಕೆ ಬಿಟ್ಟು ಎದ್ದೆ. ಕೊನೆಯ ಪರೀಕ್ಷೆಗೆ ನಿರ್ದೇಶಕರ ಪಕ್ಕ ಕೂರಲು ಹೈದರಾಬಾದಿಗೆ ನಮ್ಮಲ್ಲಿ ಒಬ್ಬರನ್ನಷ್ಟೇ ಕರೆದಿದ್ದರು. ಆ ಕುರ್ಚಿ ನನ್ನದೇ ಎಂದು ಸಗರದ ನಮ್ಮ ಮನೆಯಲ್ಲಿ ಹೇಳಿಬಿಟ್ಟಿದ್ದೆ.

ಅಷ್ಟರಲ್ಲಿ ನಮ್ಮೂರಿನ ಹತ್ತಿರ, ಶಹಾಪುರದ ಕಡೆ ತೆಗೆದ ಒಂದು ದೃಶ್ಯ ಬಂತು. ಭತ್ತದ ಗದ್ದೆಯಲ್ಲಿ ಎಮ್ಮೆ, ಅದರ ಹಿಂದೆ ಏರಿಯ ಮೇಲೆ ತುಂಬಿ ಹರಿಯುವ ಕಾಲುವೆ. 'ಎಡ-ಬಲ ಅದಲುಬದಲಾಗಿದೆ' ಎಂದು ಆಕೆ ದೋಷದ ಪುಸ್ತಕದಲ್ಲಿ ಬರೆದಳು. ಹಾಗಾದರೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಕಾಣುತ್ತದೆ. ನಾನು ಆ ಸಾಲನ್ನು ಹೊಡೆದುಹಾಕಿದೆ.

"ಯಾಕ್ರಿ ಅಣ್ಣಾರ? ನೀರು ಮೈಮ್ಯಾಲ ಬಂದಂಗ ಕಾಣಾಕತ್ತೈತಿ."

"ನೀ ಕಾಲುವಿ ಎಲ್ಲಿ ನೋಡೀದಿ ತಂಗಿ? ನಮ್ಮ ಕಡೀಗಿ ನೀರು ಹೊಲಕ್ಕಿಂತ ಎತ್ತರದಾಗ ಹರೀತೈತಿ. ಹಂಗ ಕಾಣಬೇಕು."

"ನೀರು ಬಿಡ್ರಿ, ಎಮ್ಮಿ ನೋಡ್ರಿ. ಎಮ್ಮಿ ಕಾಲುವೀಗಿ ಅಡ್ಡ ನಿಂತೈತಿ. ಅಡ್ಡ ನಿಂತಿದ್ದು ಹಿಂದ ಹೆಂಗಿರ್ತೈತ್ರಿ?"

"ಎಮ್ಮೀನ ಕೇಳು" ಎಂದೆ.

ಆಕೆ ಊಟಕ್ಕೆ ಇಳಿದುಹೋದ ಮೇಲೆ ತ್ರೀಡಿ ನೋಡುವ ಕೆಂಪು-ನೀಲಿ ಕನ್ನಡಕವನ್ನು ತಲೆಕೆಳಗು ಮಾಡಿ ಹಾಕಿಕೊಂಡೆ. ಹಾಗೆ ಹಾಕಿದರೆ ಎಡಗಣ್ಣಿನ ಚಿತ್ರ ಬಲಗಣ್ಣಿಗೆ ಹೋಗುತ್ತದೆ. ಕಾಲುವೆ ಸದ್ದಿಲ್ಲದೆ ಹಿಂದೆ ಸರಿದು ಏರಿಯ ಮೇಲೆ ಕುಳಿತಿತು. ಎಮ್ಮೆ ನನ್ನ ಮೊಣಕಾಲ ಹತ್ತಿರ ಬಂದು ನಿಂತಿತು. ನಾನು ಈಜು ಕಲಿತ ಕಾಲುವೆಯನ್ನು, ಕಾಲುವೆಯಿಲ್ಲದ ಊರಿನವಳು ನನಗಿಂತ ಚೆನ್ನಾಗಿ ಕಂಡಿದ್ದಳು. 

ಎರಡು ಚಿತ್ರಗಳನ್ನೂ ಅದಲುಬದಲು ಮಾಡಿ ಸರಿಪಡಿಸಿದೆ. ಪುಸ್ತಕದಲ್ಲಿ ದೋಷವನ್ನು ನನ್ನ ಅಕ್ಷರದಲ್ಲೇ ಬರೆದೆ. ಆಕೆಯ ಹೆಸರು ಬರೆಯಲಿಲ್ಲ.

ಸಂಜೆ ಸಾಹೇಬರು ಅದನ್ನು ಓದಿ, "ಶಾಬಾಸ್. ಇದನ್ನ ಯಾರು ಹಿಡಿದ್ರಿ?" ಎಂದರು. ನಾನು ಕನ್ನಡಕ ಒರೆಸುತ್ತ ಕುಳಿತೆ.

"ಅಣ್ಣಾರು ಸರಿ ಮಾಡ್ಯಾರ್ರಿ" ಎಂದಳು ಆಕೆ. ಹಿಡಿದವರು ಯಾರೆಂದು ಮಾತ್ರ ಹೇಳಲಿಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಹಿಡದಾಕಿ ಇಕೀರಿ. ನಾ ಹೊಡದ್ಹಾಕಿದ್ದೆ" ಎಂದೆ.

ನಿರ್ದೇಶಕರ ಪಕ್ಕದ ಕುರ್ಚಿ ಆಕೆಗೆ ಹೋಯಿತು. ಆಕೆಯನ್ನು ಹೈದರಾಬಾದಿನ ರೈಲಿಗೆ ಹತ್ತಿಸಲು ನಾನೇ ಹೋದೆ. ಕಿಟಕಿಯಿಂದ, "ಏನ್ ತರಲ್ರಿ ಅಣ್ಣಾರ?" ಎಂದಳು. "ಬಿಸ್ಕೀಟ ತಾರವ್ವ" ಎಂದೆ.

ತಂದಳು. ಮನೆಯವರೆಲ್ಲ ಚಹಾದಲ್ಲಿ ಅದ್ದಿ ತಿಂದರು. ನನಗೆ ಒಂದೂ ಮುಟ್ಟಲು ಆಗಲಿಲ್ಲ.