ಗೇಟಿನಲ್ಲಿ ಜ್ವರವಿರಲಿಲ್ಲ

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ತಿರುವನಂತಪುರದ ಶ್ರೀಕಾರ್ಯಂ ಬಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದ ಹಿರಿಯ ವೈದ್ಯೆಯಾಗಿದ್ದೆ. ನನ್ನ ಊರು ಕಾಸರಗೋಡಿನ ಕಡೆ. ಮಲಯಾಳಂ, ಕನ್ನಡ ಎರಡೂ ಸಲೀಸಾದ್ದರಿಂದ ಕಳಕ್ಕೂಟಂ ಐಟಿ ಪಾರ್ಕಿನಲ್ಲಿ ದುಡಿಯುವ ಕನ್ನಡದವರು ಮಗುವಿಗೆ ಸೀನು ಬಂದರೂ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮೂವತ್ತು ವರ್ಷದ ವೃತ್ತಿಯಲ್ಲಿ ಮಕ್ಕಳ ಸಾವನ್ನೂ ಕಂಡಿದ್ದೇನೆ, ಅತ್ತಿದ್ದೇನೆ. ಆದರೆ ಈ ಒಂದು ಪ್ರಕರಣ ನೆನಪಾದರೆ ಅಳು ಬರುವುದಿಲ್ಲ, ಮೈ ಉರಿಯುತ್ತದೆ. ಆ ಉರಿ ಯಾರ ಮೇಲೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹನ್ನಾಳಿಗೆ ಆಗ ಮೂರು ವರ್ಷ, ತೂಕ ಹನ್ನೆರಡು ಕಿಲೋ. ತಾಯಿ ಪ್ರಿಸಿಲ್ಲಾ ಗದಗದವಳು, ಐಟಿ ಪಾರ್ಕಿನಲ್ಲಿ ಟೆಸ್ಟಿಂಗ್ ಎಂಜಿನಿಯರ್. ತಂದೆ ಅರುಣ್‌ಗೆ ಕೊಚ್ಚಿಯ ಪಾಲಾರಿವಟ್ಟದಲ್ಲಿ ಆಫೀಸು. ವಾರದ ಕೊನೆಗೆ ಮಾತ್ರ ಮನೆಗೆ ಬರುತ್ತಿದ್ದ. ಮಳೆಗಾಲದ ಒಂದು ಬೆಳಗ್ಗೆ ಪ್ರಿಸಿಲ್ಲಾ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನನ್ನ ಕೋಣೆಗೆ ಬಂದಳು. ನಾಲ್ಕು ದಿನದಿಂದ ಬಿಟ್ಟು ಬಿಟ್ಟು ಜ್ವರ, ಈಗ ವಾಂತಿ, ಏನೂ ತಿನ್ನುತ್ತಿಲ್ಲ. ಮಗು ಕಣ್ಣು ಬಿಟ್ಟು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಿತು. ಹೊಟ್ಟೆಯ ಬಲಭಾಗ ಮುಟ್ಟಿದರೆ ನರಳುತ್ತಿತ್ತು.

"ಎಂತ ಔಷಧ ಕೊಟ್ಟಿದ್ದೀರಿ?" ಎಂದು ಕೇಳಿದೆ.

"ನೆಗಡಿ ಸಿರಪ್ ಅಷ್ಟ ರೀ. ದಿನಕ್ಕ ಮೂರು ಸಲ," ಎಂದಳು.

ದಾಖಲು ಮಾಡಿಕೊಂಡೆವು. ರಕ್ತ ಪರೀಕ್ಷೆಯ ವರದಿ ಬಂದಾಗ ಪ್ರಯೋಗಾಲಯದವರೇ ಫೋನ್ ಮಾಡಿದರು. ಲಿವರ್‌ಗೆ ಪೆಟ್ಟಾದಾಗ ಏರುವ ಎಸ್‌ಜಿಪಿಟಿ ನಲವತ್ತರ ಆಸುಪಾಸಿನಲ್ಲಿರಬೇಕು. ಅವಳದ್ದು ಸಾವಿರ ದಾಟಿತ್ತು. ರಕ್ತ ಹೆಪ್ಪುಗಟ್ಟಲು ತಡವಾದಷ್ಟೂ ಏರುವ ಐಎನ್‌ಆರ್ ಒಂದರ ಹತ್ತಿರ ಇರಬೇಕಾದದ್ದು ಎರಡಕ್ಕೆ ಬಂದಿತ್ತು. ಮಳೆಗಾಲದ ಕೇರಳದಲ್ಲಿ ಇಂಥ ವರದಿ ಕಂಡರೆ ಯಾರಾದರೂ ಮೊದಲು ಯೋಚಿಸುವುದು ಕಾಮಾಲೆ, ಡೆಂಗಿ, ಇಲಿಜ್ವರ. ನಾವೂ ಆ ಪರೀಕ್ಷೆಗಳನ್ನೇ ಕಳಿಸಿ ಕಾಯುತ್ತಾ ಕೂತೆವು.

ನಿಜ ಗೊತ್ತಾದದ್ದು ಪರೀಕ್ಷೆಯಿಂದಲ್ಲ. ಮಧ್ಯಾಹ್ನ ನಾನು ವಾರ್ಡಿನಲ್ಲಿದ್ದಾಗಲೇ ಸಿಸ್ಟರ್ ಡಯಪರ್ ಬದಲಿಸಲೆಂದು ಮಗುವನ್ನು ಎಡಮಗ್ಗುಲಿಗೆ ಹೊರಳಿಸಿ ಮಂಡಿ ಮಡಿಸಿದರು. ಅಷ್ಟು ಹೊತ್ತು ಸೂಜಿ ಚುಚ್ಚಿದರೂ ಅಳದ ಮಗು ಕಿರುಚಿಕೊಂಡಿತು.

"ವೇಂಡ ಅಮ್ಮೇ, ಸ್ಕೂಲಿಲ್ ಪೋಂಡ."

ಬೇಡ ಅಮ್ಮಾ, ಸ್ಕೂಲಿಗೆ ಹೋಗುವುದು ಬೇಡ. ಗದಗದ ಮಗು ತಿರುವನಂತಪುರದ ಮಲಯಾಳಂನಲ್ಲಿ ಅಳುತ್ತಿತ್ತು. ಮಗ್ಗುಲಿಗೆ ಮಲಗಿಸುವುದಕ್ಕೂ ಸ್ಕೂಲಿಗೂ ಏನು ಸಂಬಂಧ? ನಾನು ಪ್ರಿಸಿಲ್ಲಾಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಬೆಳಗ್ಗೆ ಇವಳನ್ನು ಹೀಗೆ ಮಲಗಿಸಿ ಎಂತ ಮಾಡ್ತೀರಿ ನೀವು?"

ಅವಳು ದನಿ ತಗ್ಗಿಸಿ ಹೇಳಿದಳು, "ಸಪೊಸಿಟರಿ ಇಡ್ತೀನ್ರಿ. ನೀವು ಔಷಧ ಅಂದ್ರಿ, ಬಾಯಾಗ ಹಾಕಿದ್ದಷ್ಟ ಹೇಳಿದೆ. ಅದು ಹೊಟ್ಟಿಗೆ ಹೋಗೂದಿಲ್ಲಲ್ರೀ."

ಸಪೊಸಿಟರಿ ಎಂದರೆ ಗುದದ್ವಾರದೊಳಗೆ ಇಡುವ, ಮೈಯ ಬಿಸಿಗೆ ಕರಗುವ ಮೇಣದಂಥ ಗುಳಿಗೆ. ಮಕ್ಕಳಿಗೆ ನೋವು, ಜ್ವರಕ್ಕೆಂದು ಇಡುವುದರಲ್ಲಿ ಇರುವುದು ಜ್ವರದ ಮಾತ್ರೆಯಲ್ಲಿರುವ ಅದೇ ಪ್ಯಾರಸಿಟಮಾಲ್. ಬಾಯಿಂದ ಕೊಟ್ಟರೂ ಕೆಳಗಿನಿಂದ ಇಟ್ಟರೂ ಅದು ಸೇರುವುದು ರಕ್ತಕ್ಕೆ, ಅರಗಿಸಬೇಕಾದದ್ದು ಲಿವರ್. ಆದರೆ ಬಹಳ ಜನ ಅದನ್ನು ಎದೆಗೆ ಹಚ್ಚುವ ಬಾಮಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾರೆ. ಹೇಳಿಕೊಳ್ಳಲು ನಾಚಿಕೆ ಬೇರೆ.

ಆಮೇಲೆ ಒಂದೊಂದಾಗಿ ಹೊರಬಂತು. ಹನ್ನಾ ಸ್ಕೂಲ್ ಎನ್ನುತ್ತಿದ್ದ ಡೇ ಕೇರ್‌ನಲ್ಲಿ ಕೋವಿಡ್ ಕಾಲದ ಥರ್ಮಾಮೀಟರ್ ಗನ್ ಇನ್ನೂ ಗೇಟಿನಲ್ಲೇ ಇತ್ತು. ಹಣೆ ಬಿಸಿ ಇದ್ದರೆ ಮಗು ವಾಪಸ್. ಇದಕ್ಕೆ ಫ್ಲಾಟಿನ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಒಂದು ಉಪಾಯ ಓಡಾಡುತ್ತಿತ್ತು: ಏಳಕ್ಕೆ ಇಟ್ಟರೆ ಒಂಬತ್ತಕ್ಕೆ ಗೇಟ್ ಕ್ಲಿಯರ್. ಕೆಳಗೆ ಹತ್ತಾರು ಹೆಬ್ಬೆರಳು. ಮೆಡಿಕಲ್ ಶಾಪಿನವನು ಮಗುವಿನ ತೂಕ ಕೇಳದೆ 250 ಮಿಲಿಗ್ರಾಂನದ್ದು ಕೊಟ್ಟಿದ್ದ. ಪ್ರಿಸಿಲ್ಲಾ ಬೆಳಗ್ಗೆ ಒಂದು, ಸಂಜೆ ಜ್ವರ ಮರಳಿದಾಗ ಇನ್ನೊಂದು ಇಡುತ್ತಿದ್ದಳು. ನೆಗಡಿ ಸಿರಪ್ ಕೊಡುತ್ತಿದ್ದದ್ದು ಪ್ರತಿ ಸಲ ಐದು ಮಿಲಿ, ಅದರಲ್ಲೂ 125 ಮಿಲಿಗ್ರಾಂ ಪ್ಯಾರಸಿಟಮಾಲ್ ಇತ್ತು. ಬಾಟಲಿಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಅದನ್ನು ಬರೆದೂ ಇತ್ತು.

ನಾನು ಡೇ ಕೇರ್‌ನ ಮುಖ್ಯಸ್ಥೆಗೆ ಫೋನ್ ಮಾಡಿದೆ. ಅವರ ಮೊದಲ ಮಾತು, "ಗೇಟಿನಲ್ಲಿ ಜ್ವರವಿರಲಿಲ್ಲ ಡಾಕ್ಟರ್, ನಮ್ಮ ಹತ್ತಿರ ಥರ್ಮಾಮೀಟರಿನ ಫೋಟೋ ಇದೆ." ಮಧ್ಯಾಹ್ನ ಜ್ವರ ಬರುತ್ತಿತ್ತೇ, ಏನಾದರೂ ಕೊಟ್ಟಿರಾ ಎಂದು ಮೂರು ಸಲ ಕೇಳಿದ ಮೇಲೆ ಬಾಯಿಬಿಟ್ಟರು. ದಿನಕ್ಕೆ ಎರಡು ಸಲ ಜ್ವರದ ಸಿರಪ್, ಪ್ರತಿ ಸಲ 250 ಮಿಲಿಗ್ರಾಂ ಪ್ಯಾರಸಿಟಮಾಲ್. ತಾಯಿಗೆ ಹೇಳಿರಲಿಲ್ಲ. ಹೇಳಿದರೆ ಅವರು ಬಂದು ಕರೆದೊಯ್ಯಬೇಕು, ಬರಲು ಆಗದಿದ್ದರೆ ಜಗಳ, ಯಾಕೆ ಸುಮ್ಮನೆ ಎಂದರು.

ತಾಯಿ ಡೇ ಕೇರ್‌ನಿಂದ ಮುಚ್ಚಿಟ್ಟಳು, ಡೇ ಕೇರ್ ತಾಯಿಯಿಂದ ಮುಚ್ಚಿಟ್ಟಿತು. ನಡುವೆ ಮಗುವಿನ ಲಿವರ್ ಇಬ್ಬರದ್ದನ್ನೂ ಅರಗಿಸಿಕೊಳ್ಳಬೇಕಿತ್ತು. ಒಂದು ಸಲದ ಡೋಸ್ ಕಿಲೋಗೆ ಹದಿನೈದು ಮಿಲಿಗ್ರಾಂ, ಅಂದರೆ ಹನ್ನಾಳಿಗೆ 180. ದಿನಕ್ಕೆ ಹೆಚ್ಚೆಂದರೆ ಅಂಥ ನಾಲ್ಕು, ಒಟ್ಟು 720. ಅವಳ ಮೈಗೆ ಹೋಗುತ್ತಿದ್ದದ್ದು 1375, ಅದೂ ದಿನದ ಮೇಲೆ ದಿನ, ಸರಿಯಾಗಿ ಊಟವಿಲ್ಲದ ಹೊಟ್ಟೆಯಲ್ಲಿ.

ನನಗೆ ತಡೆಯಲಾಗಲಿಲ್ಲ. ಓದಿದವಳಲ್ಲವೇ, ಪೆಟ್ಟಿಗೆಯ ಮೇಲಿನದ್ದು ಕಣ್ಣಿಗೆ ಬೀಳಲಿಲ್ಲವೇ ಎಂದು ಪ್ರಿಸಿಲ್ಲಾಳನ್ನು ವಾರ್ಡಿನಲ್ಲೇ ತರಾಟೆಗೆ ತೆಗೆದುಕೊಂಡೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬೈರಿ ಡಾಕ್ಟ್ರ, ಎಷ್ಟ ಬೇಕಾದ್ರೂ ಬೈರಿ. ಆದ್ರ ಗೇಟನ್ಯಾಗಿಂದ ವಾಪಸ್ ಕಳಿಸಿದ್ರ ಕೂಸಿನ್ನ ಯಾರ ಕಡೆ ಬಿಡ್ಲಿ ಹೇಳ್ರಿ. ರಜಾ ಎಲ್ಲಾ ಮುಗದಾವು. ಇನ್ನೊಂದು ರಜಾ ಹಾಕಿದ್ರ ಪ್ರಾಜೆಕ್ಟಿನಿಂದ ತಗೀತೀವಿ ಅಂದಾರ."

ಸಿಟ್ಟು ಇಳಿಯಲಿಲ್ಲ, ಅವಳನ್ನು ಬಿಟ್ಟು ಸರಿಯಾದ ಕಡೆ, ಆ ಗೇಟು, ಆ ಆಫೀಸಿನ ಮೇಲೆ ಹೋಗಿ ಕೂತಿತು.

ಲಿವರನ್ನು ಕಾಯುವ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದನ್ನು ಕೂಡಲೇ ಡ್ರಿಪ್‌ನಲ್ಲಿ ಶುರು ಮಾಡಿದೆವು. ಮರುದಿನ ಐಎನ್‌ಆರ್ ಮೂರಕ್ಕೆ ಏರಿತು. ಮಗುವಿಗೆ ಹೆಸರು ಹಿಡಿದು ಕರೆದರೆ ತಿರುಗುವ ಎಚ್ಚರವೂ ಕಡಿಮೆಯಾಗುತ್ತಿತ್ತು. ಕೈಕಟ್ಟಿ ಕೂರುವ ಹಾಗಿರಲಿಲ್ಲ. ಮಕ್ಕಳ ಲಿವರ್ ಕಸಿ ಮಾಡುವ ಕೊಚ್ಚಿಯ ಆಸ್ಪತ್ರೆಯೊಂದಕ್ಕೆ ಆಂಬುಲೆನ್ಸಿನಲ್ಲಿ ಕರೆದೊಯ್ದೆವು. ನಾನೂ ಹತ್ತಿಕೊಂಡೆ. ಅಗೆದು ಬಿಟ್ಟ ಹೆದ್ದಾರಿಯಲ್ಲಿ ಪ್ರತಿ ಕುಲುಕಿಗೂ ಪ್ರಿಸಿಲ್ಲಾ ಮಗುವಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

ಅರುಣ್ ಪಾಲಾರಿವಟ್ಟದಿಂದ ಆಫೀಸಿನ ಐಡಿ ಕಾರ್ಡು ಕೊರಳಲ್ಲಿರುವಾಗಲೇ ಓಡಿ ಬಂದಿದ್ದ. ಅಲ್ಲಿನ ಸರ್ಜನ್ ತಂದೆತಾಯಿ ಇಬ್ಬರನ್ನೂ ಕೂರಿಸಿ, ಮಗುವಿನ ಲಿವರ್ ತಾನಾಗಿ ಚೇತರಿಸದಿದ್ದರೆ ನಿಮ್ಮಲ್ಲೊಬ್ಬರ ಲಿವರಿನ ತುಂಡು ಬೇಕಾಗುತ್ತದೆ, ರಕ್ತದ ಗುಂಪು ಯಾವುದು ಎಂದು ಕೇಳಿದರು. ಪ್ರಿಸಿಲ್ಲಾಳದ್ದು ಹೊಂದುತ್ತಿತ್ತು. "ನಂದ ತಗೋರಿ, ಎಷ್ಟ ಬೇಕೋ ಅಷ್ಟ ತಗೋರಿ," ಎಂದು ಅವಳು ಕನ್ನಡದಲ್ಲೇ ಹೇಳಿದಳು. ಆ ಮಲಯಾಳಿ ಸರ್ಜನ್‌ಗೆ ಅನುವಾದ ಬೇಕಾಗಲಿಲ್ಲ.

ಅದರ ಅಗತ್ಯ ಬೀಳಲಿಲ್ಲ. ಮೂರನೆಯ ದಿನ ಐಎನ್‌ಆರ್ ಇಳಿಯಲು ಶುರುವಾಯಿತು. ಹನ್ನಾ ಕಣ್ಣು ಬಿಟ್ಟು ನೀರು ಕೇಳಿದಳು. ಕೆಲವು ವಾರಗಳಲ್ಲಿ ಲಿವರ್ ಪೂರ್ತಿ ಸರಿಹೋಯಿತು. ಅದೃಷ್ಟ ಎನ್ನುವುದನ್ನು ವೈದ್ಯರು ಒಪ್ಪಬಾರದು ಅಂತಾರೆ, ನಾನು ಒಪ್ಪುತ್ತೇನೆ.

ಸಪೊಸಿಟರಿಯ ಮೇಲೆ ನನಗೆ ಹಗೆಯಿಲ್ಲ. ವಾಂತಿಯಲ್ಲಿ ಏನೂ ನಿಲ್ಲದ ಮಗುವಿಗೆ, ಶಸ್ತ್ರಚಿಕಿತ್ಸೆ ಮುಗಿದು ನುಂಗಲಾರದ ಮಗುವಿಗೆ ಅದು ದೊಡ್ಡ ಉಪಕಾರ. ಆದರೆ ಅದು ಔಷಧ. ತೂಕ ನೋಡಿ ಗಾತ್ರ ಆರಿಸಬೇಕು. ದೊಡ್ಡದನ್ನು ಕತ್ತರಿಸಿ ಅರ್ಧ ಇಡುವ ಜಾಣತನ ಬೇಡ, ಔಷಧ ಎರಡೂ ತುಂಡಿನಲ್ಲಿ ಸಮನಾಗಿ ಇರುತ್ತದೆ ಅನ್ನುವಂತಿಲ್ಲ. ದೊಡ್ಡವರ ನೋವಿಗೆ ಮನೆಯಲ್ಲಿ ತಂದಿಟ್ಟದ್ದನ್ನು ಮಗುವಿಗೆ ಮುಟ್ಟಿಸಲೇಬೇಡಿ. ಇಟ್ಟ ಸ್ವಲ್ಪ ಹೊತ್ತಿಗೆ ಮಲವಾಗಿ ಹೊರಬಿದ್ದರೆ ಡಾಕ್ಟರನ್ನು ಕೇಳದೆ ಇನ್ನೊಂದು ಇಡಬೇಡಿ. ಒಂದು ಡೋಸಿನಿಂದ ಇನ್ನೊಂದಕ್ಕೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಬಿಡಿ. ಸಿರಪ್ಪು, ಸಪೊಸಿಟರಿ, ನೆಗಡಿಯ ಔಷಧ ಎಲ್ಲವೂ ಒಂದೇ ಲೆಕ್ಕಕ್ಕೆ. ಮಗುವನ್ನು ಯಾರ ಕೈಗೆ ಒಪ್ಪಿಸುತ್ತೀರೋ ಅವರಿಗೆ ಏನು ಕೊಟ್ಟಿದ್ದೀರಿ ಎಂದು ಬಾಯಿಬಿಟ್ಟು ಹೇಳಿ. ಅಂದಿನಿಂದ ನಾನೂ "ಔಷಧ ಎಂತ ಕೊಟ್ಟಿರಿ" ಎಂದು ಕೇಳುವುದಿಲ್ಲ. ಬಾಯಿಂದ ಏನು, ಕೆಳಗಿನಿಂದ ಏನು, ಮನೆಯಲ್ಲಿ ಯಾರು, ಡೇ ಕೇರ್‌ನಲ್ಲಿ ಯಾರು ಎಂದು ಬಿಡಿಸಿ ಬಿಡಿಸಿ ಕೇಳುತ್ತೇನೆ. ಕೆಲಸ ನನಗೆ ಕಲಿಸಿದ ಪಾಠ ಇದು.

ಡೇ ಕೇರ್‌ನವರು ಕಲಿತದ್ದು ಬೇರೆ. ಮಗು ಕೊಚ್ಚಿಯಲ್ಲಿರುವಾಗಲೇ ಒಂದು ಸುತ್ತೋಲೆ ಕಳಿಸಿದರು. ಇನ್ನು ಮುಂದೆ ಬೆಳಗ್ಗೆ ಜ್ವರದ ಔಷಧ ಕೊಟ್ಟಿಲ್ಲ ಎಂದು ಪೋಷಕರು ದಿನಾ ಸಹಿ ಹಾಕಬೇಕಂತೆ. ಜ್ವರ ಬಂದ ಮಗುವನ್ನು ತಾಯಿ ಬರುವವರೆಗೆ ಮಲಗಿಸಲು ಒಂದು ಹಾಸಿಗೆ ಹಾಕಿ ಎಂದು ನಾನು ಹೇಳಿದ್ದೆ. ಅದರ ಸುದ್ದಿಯೇ ಇಲ್ಲ.

ಹನ್ನಾ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ತಾಯಿ ಎರಡು ವಾರ ಜೊತೆಗಿರಬೇಕು ಎಂದು ಪ್ರಿಸಿಲ್ಲಾಳ ಆಫೀಸಿಗೆ ಸರ್ಟಿಫಿಕೇಟ್ ಬರೆದುಕೊಟ್ಟೆ. ಮರುದಿನ ಎಚ್‌ಆರ್‌ನಿಂದ ಒಬ್ಬರು ನನಗೇ ಫೋನ್ ಮಾಡಿದರು. ಮಗು ಡಿಸ್ಚಾರ್ಜ್ ಆಗಿದೆಯಲ್ಲ, ಎರಡು ವಾರ ನಿಜವಾಗಿ ಬೇಕೇ ಎಂದು ಇಂಗ್ಲಿಷಿನಲ್ಲಿ, ತುಂಬಾ ಮರ್ಯಾದೆಯಿಂದ ವಿಚಾರಿಸಿದರು. ಆ ಮಗುವಿಗೆ ಸಣ್ಣ ಜ್ವರ ಬಂದರೂ ಈಗ ತಾಯಿ ಪಕ್ಕದಲ್ಲಿರಬೇಕು ಎಂದೆ.

"ಜ್ವರ ಇಳಿಸೋಕೆ ಔಷಧ ಇದೆಯಲ್ಲ ಮ್ಯಾಡಂ?" ಎಂದರು.

"ಇದೆ," ಎಂದೆ. "ಅದನ್ನೇ ಕೊಟ್ಟಿದ್ದರು."