ಹೆಸರು ಹೇಳದ ಪಿ.ಪಿ. ಕಾಲ್

ಕೊಳ್ಳೇಗಾಲದ ಟೆಲಿಫೋನ್ ಎಕ್ಸ್‌ಚೇಂಜಿಗೆ ನಾನು ಆಪರೇಟರಾಗಿ ಸೇರಿದ್ದು ಎಪ್ಪತ್ತರ ದಶಕದ ಶುರುವಿನಲ್ಲಿ. ಹನೂರಿನ ಹೊಲಮನೆಯ ಹುಡುಗಿ ನಾನು, ಅಲ್ಲಿಯವರೆಗೆ ಫೋನನ್ನು ಕಿವಿಗೆ ಇಟ್ಟುಕೊಂಡವಳೇ ಅಲ್ಲ. ಮೊದಲ ದಿನ ಬೋರ್ಡಿನ ಮುಂದೆ ಕೂರಿಸಿದಾಗ ಮೈ ಜುಮ್ಮೆಂದಿತ್ತು. ಎದುರಿಗೆ ದೊಡ್ಡ ಮರದ ಹಲಗೆ, ಅದರ ತುಂಬಾ ಸಾಲು ಸಾಲು ತೂತು, ಒಂದೊಂದು ತೂತಿನ ಹಿಂದೆಯೂ ಒಂದು ಮನೆಯೋ ಅಂಗಡಿಯೋ ಕಚೇರಿಯೋ. ಯಾರಾದರೂ ಅಲ್ಲಿ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಅವರ ತೂತಿನ ಮೇಲಿನ ಪುಟ್ಟ ಬಿಲ್ಲೆ ಟಪ್ಪೆಂದು ಬೀಳುತ್ತಿತ್ತು. ವೈರಿನ ತುದಿಯನ್ನು ಅಲ್ಲಿ ಚುಚ್ಚಿ “ನಂಬರ್ ಪ್ಲೀಸ್” ಎಂದರೆ ಊರಿಗೆ ಊರೇ ನನ್ನ ಕಿವಿಯೊಳಗೆ ಮಾತಾಡುತ್ತಿತ್ತು. ದೇವರ ಮುಂದೆ ಕೂತಾಗಲೂ ನನಗೆ ಅಷ್ಟು ಭಯಭಕ್ತಿ ಬಂದದ್ದಿಲ್ಲ, ಸುಳ್ಳೇಕೆ ಹೇಳಲಿ.

ಪರಊರಿಗೆ ಮಾಡುವ ಟ್ರಂಕ್ ಕಾಲ್ ಇನ್ನೂ ದೊಡ್ಡ ಸೋಜಿಗ. ನಾನು ಮೈಸೂರನ್ನು ಕರೆಯಬೇಕು, ಮೈಸೂರಿನವಳು ಬೆಂಗಳೂರನ್ನು ಕರೆಯಬೇಕು. “ಮೈಸೂರು, ಕೇಳಿಸ್ತಾ?” “ಕೇಳಿಸ್ತು ಕೊಳ್ಳೇಗಾಲ, ನಾನು ಹೇಳಿದ್ದು ಕೇಳಿಸ್ತಾ?” “ಕೇಳಿಸ್ತು.” ಈ ಮೂರು ಮಾತು ಆಗದೆ ನಾವು ಯಾರ ಕರೆಯನ್ನೂ ಮುಂದಕ್ಕೆ ಬಿಡುತ್ತಿರಲಿಲ್ಲ. ಟೆಲಿಗ್ರಾಂಗೆ ಈ ಉಪಚಾರವಿಲ್ಲ. ಕಳಿಸಿದರೆ ಮುಗಿಯಿತು, ಓದಿದವರು ಏನೆಂದು ತಿಳಿದುಕೊಂಡರೋ ಯಾರು ಕೇಳುತ್ತಾರೆ? ಈಚೆಗೆ ನನ್ನ ಮೊಮ್ಮಗಳು ಕಂಪ್ಯೂಟರ್ ಪಾಠ ಓದಿಕೊಳ್ಳುತ್ತಾ, ಯಂತ್ರಗಳೂ ಹೀಗೇ ಮೂರು ಮಾತಾಡಿಕೊಂಡು ಕೆಲಸ ಶುರು ಮಾಡುತ್ತವೆ ಅಜ್ಜಿ ಎಂದಳು. ಒಂದೇ ವಿಳಾಸದಲ್ಲಿ ಹಲವು ಪೋರ್ಟುಗಳು, ಅಂದರೆ ಬಾಗಿಲುಗಳು, ಇರುತ್ತವಂತೆ. ಯಾವ ಪೋರ್ಟಿಗೆ ಎಂದು ಹೇಳದಿದ್ದರೆ, ವಿಳಾಸ ಸರಿಯಿದ್ದರೂ ಮಾತು ತಲುಪಬೇಕಾದವರಿಗೆ ತಲುಪುವುದಿಲ್ಲವಂತೆ. ನನಗೆ ಆ ನೇಕಾರರ ಮನೆಯ ಸೊಸೆ ನೆನಪಾದಳು.

ಒಂದು ಬೆಳಿಗ್ಗೆ ಅವಳು ಏದುಸಿರು ಬಿಡುತ್ತಾ ಬಂದಳು. ಸೆರಗಿನ ಮೇಲೆ ರೇಷ್ಮೆಯ ಎಳೆಗಳು ಹಾಗೇ ಅಂಟಿಕೊಂಡಿದ್ದವು. ಗಂಡ ಸೀರೆಗಳ ಗಂಟು ಹೊತ್ತು ಬೆಂಗಳೂರಿಗೆ ಹೋಗಿ, ನಮ್ಮ ಕಡೆಯ ನೇಕಾರರೆಲ್ಲ ತಂಗುವ ಒಂದು ಮಂಡಿಯಲ್ಲಿ ಇಳಿದಿದ್ದ. ಮಧ್ಯಾಹ್ನ ಅಲ್ಲಿಂದ ಮದ್ರಾಸಿನ ರೈಲು ಹತ್ತುವವನು. ಹತ್ತಿದ ಮೇಲೆ ಎಲ್ಲಿರುತ್ತಾನೋ ಯಾರಿಗೂ ಗೊತ್ತಿಲ್ಲ. ಇಲ್ಲಿ ಅವನ ತಾಯಿ ಅನ್ನ ನೀರು ಬಿಟ್ಟು, ಮಗನನ್ನು ನೋಡಬೇಕು ಎಂದು ಒಂದೇ ಸಮನೆ ಕೇಳುತ್ತಿದ್ದರು.

“ಟೆಲಿಗ್ರಾಂ ಕೊಡಬಹುದಲ್ಲಮ್ಮ?” ಎಂದೆ.

“ಬ್ಯಾಡಕ್ಕ! ತಂತಿ ಬಂತು ಅಂದ್ರೆ ಅವ್ವ ಓಯ್ತು ಅಂತ್ಲೇ ತಿಳ್ಕತಾರೆ. ದಾರೀಲೇ ಎದೆ ಒಡ್ಕತಾರೆ. ಜೀವ ಅದೆ, ಬ್ಯಾಗ ಬನ್ನಿ ಅಂತ ನನ್ ಬಾಯಲ್ಲೇ ಏಳ್ಬೇಕು.”

ಅವಳು ಹೇಳಿದ್ದು ಸರಿಯೇ. ನಮ್ಮ ಕಡೆ ತಂತಿ ಎಂದರೆ ಸಾವು. ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. ನಾನು ಪಿ.ಪಿ. ಕಾಲ್ ಬುಕ್ ಮಾಡಿಕೊಂಡೆ. ಆ ನಂಬರಿನಲ್ಲಿ ಯಾರು ಫೋನ್ ಎತ್ತಿದರೂ ಸಾಲದು, ಹೆಸರು ಹೇಳಿದ ವ್ಯಕ್ತಿಯೇ ಬಂದು ಮಾತಾಡಬೇಕು, ಅಂಥ ಕರೆ ಅದು. “ಯಜಮಾನರ ಹೆಸರು?” ಎಂದೆ. ಅವಳು ತಲೆ ತಗ್ಗಿಸಿಬಿಟ್ಟಳು.

ಗಂಡನ ಹೆಸರು ಹೇಳುವ ಹಾಗಿಲ್ಲವಲ್ಲ! ಕೊನೆಗೆ ಮೆಲ್ಲಗೆ, “ಯಳಂದೂರಿಂದ ಹತ್ತೋ ಬೆಟ್ಟದ ಮ್ಯಾಲೆ ಅವ್ನಲ್ಲಕ್ಕ, ಆ ಸ್ವಾಮಿ ಎಸ್ರು” ಎಂದಳು. ಬೆಟ್ಟದ ಹೆಸರಿನಲ್ಲೂ ಗಂಡನ ಹೆಸರು ಸೇರಿಕೊಂಡಿದೆಯೆಂದು ಬೆಟ್ಟವನ್ನೂ ಬಾಯಿಬಿಟ್ಟು ಹೇಳಲಿಲ್ಲ. ನನಗೆ ನಗು ಬಂತು. ಹೆಸರೇನೋ ತಿಳಿಯಿತು.

ಪುಣ್ಯಕ್ಕೆ ಲೈನ್ ಬೇಗ ಸಿಕ್ಕಿತು. ಮಂಡಿಯ ಗುಮಾಸ್ತರು ಹೆಸರು ಕೇಳಿ, “ಆ ಹೆಸರಿನೋರು ಇಲ್ಲಿ ನಾಲ್ಕು ಜನ ಇದ್ದಾರಲ್ರೀ. ಎಲ್ಲಾ ಕೊಳ್ಳೇಗಾಲದೋರೇ. ಯಾರ ಮಗ ಅಂತ ಕೇಳಿ ಹೇಳಿ” ಎಂದರು. ಗಂಡನ ಹೆಸರನ್ನೇ ಹೇಳದವಳು ಮಾವನ ಹೆಸರು ಹೇಳಿಯಾಳೇ? ನನಗೆ ರೇಗಿಹೋಯಿತು. “ಅಲ್ಲಮ್ಮಾ, ಅಲ್ಲಿ ರೈಲಿಗೆ ಹೊತ್ತಾಗ್ತಿದೆ, ನಿನ್ನದೊಂದು ಮಡಿ! ತಾಯಿಗೆ ಹುಷಾರಿಲ್ಲ ಅಂತ ನಾಲ್ಕು ಜನಕ್ಕೂ ಹೇಳಿಸ್ತೀನಿ, ತಡಿ.”

“ಬ್ಯಾಡಕ್ಕ, ನಿಮ್ ದಮ್ಮಯ್ಯ. ನಾಕು ಜನಕೂ ಅವ್ವಂದಿರವ್ರೆ. ಎಲ್ಲಾರ್ನೂ ಯಾಕ್ ಅಳುಸ್ಬೇಕು? ಒಬ್ಬೊಬ್ರ ಕೈಗೇ ಫೋನ್ ಕೊಡ್ಸಿ. ನಾನು ಮನೇಲಿ ಕರ್ದಂಗೆ ಕರೀತೀನಿ.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಇಂಥದ್ದು ನಮ್ಮ ನಿಯಮದಲ್ಲಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದ ಮೈಸೂರಿನವಳು, “ಮಾಡ್ಸೇ, ಲೈನ್ ನಾನು ಹಿಡ್ಕೊಂಡಿರ್ತೀನಿ” ಎಂದಳು. ಬೆಂಗಳೂರಿನವಳೂ ಲೈನ್ ಕೀಳಲಿಲ್ಲ.

ಮೊದಲನೆಯವರು ಬಂದು “ಹಲೋ” ಎಂದರು. ಸೊಸೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು, “ಇಕಳೀ...” ಎಂದಳು. ಅಷ್ಟೇ. ನಮ್ಮ ಕಡೆಯ ಹೆಂಗಸರೆಲ್ಲ ಗಂಡಂದಿರನ್ನು ಕರೆಯುವುದೇ ಹಾಗೆ. “ಯಾರಮ್ಮ?” ಎಂದರು ಅವರು. ಎರಡನೆಯವರೂ “ಯಾರು ಬೇಕಾಗಿತ್ತು?” ಎಂದರು. ಮೂರನೆಯ “ಹಲೋ” ಬಂತು. ಅವಳು ಮತ್ತೆ “ಇಕಳೀ...” ಎಂದಳು. ತಂತಿಯ ಗುಂಯ್‌ಗುಟ್ಟುವಿಕೆಯೊಂದೇ ಕೇಳುತ್ತಿತ್ತು.

“ಯಾಕಮ್ಮೀ? ಅವ್ವ ಎಂಗದೆ?”

“ಜೀವ ಅದೆ. ಬ್ಯಾಗ ಬನ್ನಿ.”

“ಬಂದೆ.”

ನಾಲ್ವರಿಗೆ ಒಂದೇ ಹೆಸರು, ಊರ ಹೆಂಗಸರಿಗೆಲ್ಲ ಒಂದೇ ಕೂಗು. ಆದರೂ ಅಷ್ಟು ದೂರದ ತಂತಿಯಲ್ಲಿ, ಅಷ್ಟು ಕರಕರದ ನಡುವೆ ಆ ಕೂಗು ತನ್ನ ಬಾಗಿಲು ಯಾವುದೆಂದು ತಾನೇ ಹುಡುಕಿಕೊಂಡಿತ್ತು. ದಿನವಿಡೀ ನಂಬರು, ಹೆಸರು ಎಂದು ಬಡಬಡಿಸುವ ನಾನು ಅವತ್ತು ಮುಂದಿನ ಬಿಲ್ಲೆ ಬಿದ್ದರೂ ನೋಡದೆ ಬೆರಗಿನಿಂದ ಕೂತೆ.

ಮರುವಾರ ಅವಳು ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ.

“ಅವತ್ತೇ ಬಂದ್ರು ಕಣಕ್ಕ. ಅವ್ವ ಅವರ ಕೈಲಿ ನೀರ್ ಕುಡುದ್ಬುಟ್ಟು ಓಯ್ತು. ನೀವು ಕಾಯ್ತಿರ್ತೀರಿ ಅಂತ ಏಳಕ್ಕೆ ಬಂದೆ.”

ಅವಳು ಹೋದ ಮೇಲೆ ಕಣ್ಣೊರೆಸಿಕೊಂಡು ಬೋರ್ಡಿನ ಮುಂದೆ ಕೂತೆ. ಯಾರೂ ಕರೆ ಬುಕ್ ಮಾಡಿರಲಿಲ್ಲ. ಆದರೂ ಮೈಸೂರಿನ ತೂತಿಗೆ ವೈರು ಚುಚ್ಚಿದೆ.

“ಮೈಸೂರು, ಕೇಳಿಸ್ತಾ?”

“ಕೇಳಿಸ್ತು ಕೊಳ್ಳೇಗಾಲ, ಹೇಳು.”

“ಮಗ ಬಂದ್ರಂತೆ. ತಾಯಿ ಅವರ ಕೈಲೇ ನೀರು ಕುಡಿದು ಹೋದ್ರಂತೆ.”

ವೈರು ಕೀಳಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ, ಅವಳು ತನ್ನ ಬೋರ್ಡಿನ ಇನ್ನೊಂದು ಲೈನಿಗೆ ಹೇಳುತ್ತಿರುವುದು ಕೇಳಿಸಿತು.

“ಬೆಂಗಳೂರು, ಕೇಳಿಸ್ತಾ?”